ಗಣಿ ಕಂಪನಿಯ ಎರಡನೇ ಚುಕ್ಕೆ

ಸೋಮವಾರ ಬೆಳಿಗ್ಗೆ ಬಂದ ಆ ಇಮೇಲ್‌ನಲ್ಲಿ ಬೈಗುಳ ಇರಲಿಲ್ಲ. ಎರಡು ಚಿತ್ರಗಳಿದ್ದವು, ಕೆಳಗೆ ಒಂದು ಸಾಲು. ಮೊದಲನೆಯದು ನಮ್ಮದೇ ಪರದೆಯ ಚಿತ್ರ: ಒಂದು ಕಂಪನಿಯ ಹೆಸರು, ಅದರ ಮುಂದೆ 2,412.00 ಬಿಟ್‌ಕಾಯಿನ್, ಪಕ್ಕದಲ್ಲಿ ಎರಡು ಹಸಿರು ಚುಕ್ಕೆ. ಎರಡನೆಯದು ಅದೇ ಕಂಪನಿ ತನ್ನ ದೇಶದ ಷೇರುಪೇಟೆಗೆ ಸಲ್ಲಿಸಿದ್ದ ಅರ್ಧವಾರ್ಷಿಕ ವರದಿಯ ನಲವತ್ತೊಂದನೇ ಪುಟ. ಅಲ್ಲಿ 1,090 ಎಂದಿತ್ತು. ಕಳಿಸಿದವರು ನಮ್ಮ ಚಂದಾದಾರರು. ಅವರು ಬರೆದ ಸಾಲು ಇಷ್ಟೇ: 'ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ದಯವಿಟ್ಟು ತಿಳಿಸಿ.'

ಈ ಸಾಲನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಅಂದೇ ನನ್ನ ದಿನಚರಿ ಪುಸ್ತಕದಲ್ಲಿ ನಕಲು ಮಾಡಿಕೊಂಡಿದ್ದೆ. ಮುಂದೆ ಹೇಳುವ ಮಾತುಕತೆಗಳಲ್ಲಿ ಕೆಲವು ಪುಸ್ತಕದಲ್ಲಿವೆ, ಕೆಲವು ಇಲ್ಲ. ಇಲ್ಲದವುಗಳ ಬಗ್ಗೆ ಓದುವವರು ಸ್ವಲ್ಪ ಎಚ್ಚರಿಕೆಯಿಂದಿರುವುದು ಒಳ್ಳೆಯದು. ನಾನೂ ಇದ್ದೇನೆ.

ನಮ್ಮ ಕಚೇರಿ ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಹಲ್ಲಿನ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದೆ. ನಾವು ನಡೆಸುವುದು ಒಂದು ಹುಡುಕು ಸಾಧನ. ಕಂಪನಿಯೋ ನಿಧಿಯೋ ಸರ್ಕಾರವೋ, ಹೆಸರು ಕೊಟ್ಟರೆ ಅದರ ಬಳಿ ಎಷ್ಟು ಬಿಟ್‌ಕಾಯಿನ್ ಇದೆ, ಯಾವ ದಿನದ ಲೆಕ್ಕ, ಯಾವ ಮೂಲ ಎಂದು ಹೇಳುತ್ತದೆ. ಹಿಂದಿರುವುದು ಯಂತ್ರ ಎಂದು ಜನ ತಿಳಿಯುತ್ತಾರೆ. ಹಿಂದಿದ್ದವರು ನಾವಿಬ್ಬರು. ಒಬ್ಬಳು ಮೂಲ ಹುಡುಕಿ ಅಂಕಿ ತುಂಬುವವಳು, ಇನ್ನೊಬ್ಬಳು ಅದನ್ನು ತಾಳೆ ನೋಡುವ ನಾನು. ತುಂಬಿದಾಗ ಒಂದು ಹಸಿರು ಚುಕ್ಕೆ ಬೀಳುತ್ತದೆ. ನಾನು ಒಪ್ಪಿದಾಗ ಎರಡನೆಯದು ಬೀಳುತ್ತದೆ. ಎರಡು ಚುಕ್ಕೆ ಬಿದ್ದ ಅಂಕಿ ಮಾತ್ರ ಹೊರಗಿನವರಿಗೆ ಕಾಣುತ್ತದೆ. ಒಂದು ಸಂಸ್ಥೆಗೆ ಹಲವು ಮೂಲಗಳಿದ್ದರೆ, ಯಾವುದರ ದಿನಾಂಕ ತೀರಾ ಈಚಿನದೋ ಅದನ್ನೇ ಸಾಧನ ತೋರಿಸುತ್ತದೆ.

ತುಂಬುವವಳು ಶಿವಾಜಿನಗರದವಳು. ಮನೆಯಲ್ಲಿ ದಖನಿ, ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಸೇರಿ ಹನ್ನೊಂದು ತಿಂಗಳಾಗಿತ್ತು. ವರ್ಷ ತುಂಬಿದರೆ ಕೆಲಸ ಕಾಯಂ. ಪತ್ರ ಮುಂದಿನ ತಿಂಗಳು ಕೈಗೆ ಸಿಗಬೇಕಿತ್ತು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ ಎಂದು ತಿಳಿದ ದಿನದಿಂದ ಅವಳಿಗೆ ನಾನು 'ಪ್ರೊಫೆಸರ್'. ಊಟದ ಹೊತ್ತಿಗೆ ನಾನು ಪುಸ್ತಕ ತೆಗೆದರೆ, "ಬರ್ಕೋ ಪ್ರೊಫೆಸರ್, ಇವತ್ತು ನಾನು ಎರಡು ಚಪಾತಿ ತಿಂದೆ ಅಂತಾನೂ ಬರ್ಕೋ, ಚರಿತ್ರೆಗೆ ಬೇಕಾಗುತ್ತೆ" ಎನ್ನುತ್ತಿದ್ದಳು.

ಇಮೇಲ್‌ನಲ್ಲಿದ್ದ ಕಂಪನಿ ದೂರದ ಚಳಿ ದೇಶವೊಂದರಲ್ಲಿ ಕಂಪ್ಯೂಟರ್ ಓಡಿಸಿ ಬಿಟ್‌ಕಾಯಿನ್ ಗಳಿಸುವಂಥದ್ದು. ಕಚೇರಿಯಲ್ಲಿ ಅದಕ್ಕೆ ಗಣಿ ಕಂಪನಿ ಎಂದೇ ಹೆಸರು. ಅದರ ಷೇರಿನ ಬೆಲೆ ನಿಂತಿದ್ದು ಅದರ ಬಳಿ ಎಷ್ಟು ನಾಣ್ಯವಿದೆ ಎನ್ನುವ ನಂಬಿಕೆಯ ಮೇಲೆ. ಆ ನಂಬಿಕೆಯ ಒಂದು ಪಾಲು ನಮ್ಮ ಎರಡು ಚುಕ್ಕೆಗಳ ಮೇಲೆ.

ಮ್ಯಾನೇಜರ್ ನನ್ನನ್ನು ಒಬ್ಬಳನ್ನೇ ಕರೆದರು. ಗಾಜಿನ ಬಾಗಿಲು ಮುಚ್ಚಿದರು.

"ಲುಕ್, ತಪ್ಪು ಆಗತ್ತೆ, ಐ ಅಂಡರ್‌ಸ್ಟ್ಯಾಂಡ್. ಆದ್ರೆ ಇದು ತಪ್ಪಾ? ಆರು ತಿಂಗಳಿಂದ ಪ್ರತಿ ತಿಂಗಳೂ ಅದೇ ನಂಬರ್‌ಗೆ ಹೊಸ ಡೇಟ್ ಹಾಕಿದಾಳೆ. ಸ್ಟಾಕ್ ಎಕ್ಸ್‌ಚೇಂಜ್ ಫೈಲಿಂಗ್ ಪಬ್ಲಿಕ್ ಆಗಿ ಮೂರು ತಿಂಗಳಾಯ್ತು. ಅದು ಕಣ್ಣಿಗೇ ಬೀಳಲಿಲ್ವಾ?"

"ಎರಡನೇ ಚುಕ್ಕೆ ನನ್ನದು, ಸರ್."

"ನೀವು ಅವಳು ಕೊಟ್ಟಿದ್ದನ್ನ ನೋಡಿದೀರಿ. ಕೊಡದೇ ಇರೋದನ್ನ ಹೇಗೆ ನೋಡ್ತೀರಿ?" ಅವರು ದನಿ ತಗ್ಗಿಸಿದರು. "ಆ ಕಂಪನಿಯವರು ಯಾರಾದ್ರೂ ಅವಳ ಹತ್ರ ಮಾತಾಡಿದಾರಾ ಅಂತ ನನ್ನ ಡೌಟು. ಶುಕ್ರವಾರದೊಳಗೆ ನೀವು ಒಂದು ರಿಪೋರ್ಟ್ ಬರೆದು ಕೊಡಿ. ಅದರಲ್ಲಿ ಹೆಸರು ಇರಬೇಕು. ಅವಳ ಕನ್ಫರ್ಮೇಷನ್ ಲೆಟರ್ ನನ್ನ ಡ್ರಾಯರ್‌ನಲ್ಲೇ ಇದೆ. ನಿಮ್ಮ ರಿಪೋರ್ಟ್ ನೋಡಿ ಕೊಡೋದಾ, ಹರಿಯೋದಾ ಡಿಸೈಡ್ ಮಾಡ್ತೀನಿ."

ಆಮೇಲೆ ಎಂಜಿನಿಯರ್‌ಗೆ ಹೇಳಿ ಗಣಿ ಕಂಪನಿಯ ಸಾಲಿಗೆ ಬೀಗ ಹಾಕಿಸಿದರು. ವಿಚಾರಣೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ. ತಪ್ಪು ಅಂಕಿ ಎರಡು ಚುಕ್ಕೆಯೊಂದಿಗೆ ಜಗತ್ತಿಗೆ ಹಾಗೇ ಕಾಣುತ್ತಾ ಉಳಿಯಿತು.

ನಾನು ಆ ಕೋಣೆಯಿಂದ ಹೊರಬರುವಾಗಲೇ ಅವಳನ್ನು ಅನುಮಾನಿಸಲು ಶುರು ಮಾಡಿದ್ದೆ. ಇದನ್ನು ಒಪ್ಪಿಕೊಳ್ಳಬೇಕು. ಯಾಕೆಂದರೆ ನನ್ನ ಬಳಿ ಮ್ಯಾನೇಜರ್‌ಗೆ ಗೊತ್ತಿಲ್ಲದ ಎರಡು ಸಂಗತಿಗಳಿದ್ದವು. ಒಂದು, ಎರಡು ವಾರದ ಹಿಂದೆ ಮೆಟ್ಟಿಲ ಬಳಿ ಅವಳು ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ಪಿಸುಗುಟ್ಟುವುದು ಕೇಳಿಸಿತ್ತು. ಎಷ್ಟು ನಾಣ್ಯ ಎಂಬ ಮಾತು ಬಂದಿತ್ತು. ಆಫೀಸಿನ ಐಡಿಗೆ ಬರೆಯಬೇಡಿ, ನನ್ನ ಸ್ವಂತ ನಂಬರಿಗೇ ಕರೆ ಮಾಡಿ ಎಂದಿದ್ದಳು. ನಾನು ಇಳಿದು ಬಂದದ್ದನ್ನು ನೋಡಿ ತಟ್ಟನೆ ಕರೆ ನಿಲ್ಲಿಸಿದ್ದಳು. ಎರಡನೆಯದು, ಗಣಿ ಕಂಪನಿಯ ಬಗ್ಗೆ ಯಾವಾಗಲೋ ಮಾತು ಬಂದಾಗ ಅವಳು, "ಸೈಟಲ್ಲಿ ಇರೋದೇ ಹೊಸದು, ಅದನ್ನೇ ಇಡೋಣ ಬಿಡು" ಎಂದದ್ದು. ಆ ಮಾತು ನನಗೆ ಸ್ಪಷ್ಟವಾಗಿ ನೆನಪಿತ್ತು. ಅವಳು ಕುರ್ಚಿ ಹಿಂದಕ್ಕೆ ವಾಲಿಸಿಕೊಂಡು ಹೇಳಿದ ಭಂಗಿ ಕೂಡ.

ಮಂಗಳವಾರ ನಾನು ನಾಣ್ಯಗಳ ಹಿಂದೆ ಹೋದೆ. ಬಿಟ್‌ಕಾಯಿನ್ ಇಡುವ ವಿಳಾಸ ಗೊತ್ತಿದ್ದರೆ ಅದರಲ್ಲಿ ಎಷ್ಟಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಯಜಮಾನನ ಹೆಸರು ಮಾತ್ರ ಬರೆದಿರುವುದಿಲ್ಲ. ಗಣಿ ಕಂಪನಿ ಹಿಂದೊಮ್ಮೆ ಲೆಕ್ಕ ಪರಿಶೋಧಕರಿಗಾಗಿ ಎರಡು ವಿಳಾಸಗಳನ್ನು ಬಹಿರಂಗಪಡಿಸಿತ್ತು. ಎರಡನೆಯದರಲ್ಲಿ ಇನ್ನೂ ಸಾವಿರದ ಚಿಲ್ಲರೆ ನಾಣ್ಯಗಳಿದ್ದವು. ಮೊದಲನೆಯದು ಖಾಲಿ. ಅದರಲ್ಲಿದ್ದದ್ದು ಹನ್ನೊಂದು ಕಂತಿನಲ್ಲಿ ಹೊರಟು ಒಂದು ಹೊಸ ವಿಳಾಸದಲ್ಲಿ ಕೂಡಿ, ಅಲ್ಲಿಂದ ದೊಡ್ಡ ವಿನಿಮಯ ಕೇಂದ್ರವೊಂದರ ರಾಶಿಗೆ ಸೇರಿತ್ತು. ಅಲ್ಲಿಗೆ ಜಾಡು ಮುಗಿಯಿತು. ಶಿವಾಜಿನಗರದ ಬಸ್ ನಿಲ್ದಾಣದವರೆಗೆ ಒಬ್ಬನನ್ನು ಹಿಂಬಾಲಿಸಿದ ಹಾಗೆ: ಯಾವ ಬಸ್ಸಿನಲ್ಲಿ ಬಂದ ಗೊತ್ತು, ಇಳಿದದ್ದೂ ಗೊತ್ತು, ಆಮೇಲೆ ಅವನು ಅಷ್ಟು ಜನರಲ್ಲಿ ಒಬ್ಬ. ಮಾರಿದರೋ, ಕಾಪಿಡಲು ಕೊಟ್ಟರೋ, ಸಾಲಕ್ಕೆ ಅಡವಿಟ್ಟರೋ ಹೇಳಲಾಗದು. ಆದರೆ ಹೊರಟ ದಿನ ಹೇಳಬಹುದಿತ್ತು. ಅದು ಅರ್ಧವಾರ್ಷಿಕ ವರದಿಗಿಂತ ಮುಂಚಿನದು. ಅಂದರೆ ವರದಿಯ ಸಣ್ಣ ಅಂಕಿಯೇ ನಿಜ. ಅವಳು ತಿಂಗಳು ತಿಂಗಳೂ ಹೊಸ ದಿನಾಂಕ ಹಾಕಿದ್ದು ಇಲ್ಲದ ನಾಣ್ಯಕ್ಕೆ.

ಅವಳು ಮೂಲವಾಗಿ ಕೊಟ್ಟದ್ದು ಗಣಿ ಕಂಪನಿಯ ಸ್ವಂತ ಜಾಲತಾಣದ ಪುಟವನ್ನು. ಹೂಡಿಕೆದಾರರಿಗಾಗಿ ಇರುವ ಪುಟ ಅದು. ತೆರೆದು ನೋಡಿದೆ. ಒಂದು ಬೂದು ಚೌಕದೊಳಗೆ 2,412.00 ಎಂದಿತ್ತು, ಅದರ ಕೆಳಗೆ ಆ ತಿಂಗಳ ದಿನಾಂಕ. ಅಂದರೆ ಅವಳು ಅಂಕಿ ಕಟ್ಟಿರಲಿಲ್ಲ, ಕಂಪನಿಯೇ ಹೇಳಿತ್ತು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪುಟದಲ್ಲಿ ಸುಳ್ಳು ಹೇಳುವ ಕಂಪನಿ ಮೆಟ್ಟಿಲ ಬಳಿ ಫೋನನ್ನೂ ಮಾಡಬಹುದಲ್ಲ ಎಂದು ಯೋಚಿಸಿದೆ. ಅನುಮಾನಕ್ಕೆ ಇದೊಂದು ಗುಣವಿದೆ. ಎದುರು ಸಾಕ್ಷಿ ಬಂದರೂ ಅದನ್ನು ತನ್ನ ಕಡೆಗೇ ಕೂರಿಸಿಕೊಳ್ಳುತ್ತದೆ.

ಸಂಜೆ ಹೊರಡುವ ಮುಂಚೆ ಎಂಜಿನಿಯರ್ ಮೇಜಿಗೆ ಹೋದೆ. ಅವರು ಹಲಸೂರಿನವರು, ಐವತ್ತು ದಾಟಿದವರು, ಸಾಧನವನ್ನು ಕೋಡಿನ ಮೊದಲ ಸಾಲಿನಿಂದ ಕಟ್ಟಿದವರು. ಗಣಿ ಕಂಪನಿಯ ಪುಟ ತೋರಿಸಿ, ಇದರ ಹಳೆಯ ಪ್ರತಿಗಳು ಸಿಗುತ್ತವೆಯೇ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು.

"ಇದೇನಮ್ಮಾ, ಎರಡು ಸೊನ್ನೆ?"

"ಯಾವ ಸೊನ್ನೆ?"

"ಚುಕ್ಕೆ ಆದ್ಮೇಲೆ ಎರಡು ಸೊನ್ನೆ. ಇಡೀ ನಾಣ್ಯ ಇರೋವಾಗ ಯಾರೂ ಹಂಗೆ ಬರೆಯಲ್ಲ. ಅವರ ರಿಪೋರ್ಟ್‌ನಲ್ಲಿ ನೋಡು, ಬರೀ 1,090. ಹಂಗೆ ಬರೆಯೋನು ನಾನೊಬ್ನೇ. ಶುರುವಲ್ಲಿ ಸೋಮಾರಿತನಕ್ಕೆ ಬಿಟ್ಟೆ, ಹಂಗೇ ಉಳ್ಕೊಂಡ್ತು. ಆ ಎರಡು ಸೊನ್ನೆ ನಂದು ಸಾಮಿ."

ಆಮೇಲೆ ಅವರು, ನಾವು ಪುಕ್ಕಟೆಯಾಗಿ ಹಂಚುವ ಒಂದು ಪುಟ್ಟ ಪೆಟ್ಟಿಗೆಯ ಬಗ್ಗೆ ನೆನಪಿಸಿದರು. ಯಾವುದೇ ಜಾಲತಾಣ ಅದನ್ನು ತನ್ನ ಪುಟದಲ್ಲಿ ಅಂಟಿಸಿಕೊಂಡರೆ ನಮ್ಮ ಸಾಧನದ ಅಂಕಿ ಅವತ್ತಿನ ದಿನಾಂಕದೊಂದಿಗೆ ಅಲ್ಲಿ ತಾನಾಗಿ ಕಾಣುತ್ತದೆ. ಕೆಳಗೆ ನಮ್ಮ ಹೆಸರು ಇರಬೇಕು ಎಂಬುದು ಷರತ್ತು. ಗಣಿ ಕಂಪನಿಯ ಪುಟದಲ್ಲಿ ನಮ್ಮ ಹೆಸರು ಇರಲಿಲ್ಲ. "ಕತ್ತರಿಸಿ ಬಿಸಾಕಿರ್ತಾನೆ. ಎರಡು ನಿಮಿಷದ ಕೆಲಸ" ಎಂದರು. ಆದರೆ ಇದು ಬರೀ ಊಹೆ. ನಮ್ಮ ಪೆಟ್ಟಿಗೆಯೇ ಹೌದು ಎಂದು ಖಚಿತವಾಗಬೇಕಾದರೆ ನಮ್ಮ ಅಂಕಿ ಬದಲಾಗಬೇಕು. ಬದಲಾದಾಗ ಅಲ್ಲಿಯದೂ ಬದಲಾಗುತ್ತದೆಯೇ ನೋಡಬೇಕು. ಸಾಲಿಗೆ ಬೀಗ ಬಿದ್ದಿತ್ತು.

"ಬೀಗ ತೆಗೀರಿ" ಎಂದೆ.

"ಮ್ಯಾನೇಜರ್ ಬೇಡ ಅಂದಿದಾರಲ್ಲ."

"ತಪ್ಪು ಅಂತ ಗೊತ್ತಾದ ಮೇಲೂ ಎರಡು ದಿನದಿಂದ ತೋರಿಸ್ತಾ ಇದೀವಿ, ಸರ್. ನಾನು ಸುಳ್ಳು ಅಂಕಿ ಹಾಕಿ ಪರೀಕ್ಷೆ ಮಾಡಿ ಅಂತಿಲ್ಲ. ಸರಿಯಾದ ಅಂಕಿ ಹಾಕೋಣ ಅಂತಿದೀನಿ."

ಅವರು ಕತ್ತು ಕೆರೆದುಕೊಂಡರು. "ನಾಳೆ ಊಟದ ಹೊತ್ತಿಗೆ ಅವರು ಮಹದೇವಪುರಕ್ಕೆ ಮೀಟಿಂಗ್‌ಗೆ ಹೋಗ್ತಾರೆ. ರಿಂಗ್ ರೋಡ್ ಟ್ರಾಫಿಕ್ ದೇವರ ದಯೆ, ನಾಲ್ಕು ಗಂಟೆ ಒಳಗೆ ಬರಲ್ಲ. ಆದ್ರೆ ನಿಂಗೆ ಎರಡು ಚುಕ್ಕೆ ಬೇಕಲ್ಲಮ್ಮಾ. ಮೊದಲನೇದು ಯಾರು ಹಾಕ್ತಾರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಒಬ್ಬಳೇ ಎರಡು ಚುಕ್ಕೆ ಹಾಕಲು ಸಾಧನ ಬಿಡುವುದಿಲ್ಲ. ಮೊದಲ ಚುಕ್ಕೆಯ ಅಧಿಕಾರ ಇದ್ದದ್ದು ನಾನು ಯಾರ ಮೇಲೆ ವರದಿ ಬರೆಯಬೇಕಿತ್ತೋ ಅವಳೊಬ್ಬಳಿಗೆ.

ಬುಧವಾರ ಮಧ್ಯಾಹ್ನ ಅವಳನ್ನು ಕರೆದು ವಿಷಯ ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ. ಜಾಲತಾಣದ ಹಳೆಯ ಅಂಕಿಯನ್ನು ತೆಗೆದುಹಾಕಿ, ವರದಿಯ ನಲವತ್ತೊಂದನೇ ಪುಟ ನೋಡಿ ತುಂಬು ಎಂದೆ. ನಿಜ ಹೇಳಬೇಕೆಂದರೆ, ತಿದ್ದಲು ಅವಳು ಹಿಂದೆ ಮುಂದೆ ನೋಡುತ್ತಾಳೆಯೇ ಎಂದು ಕಾಯುತ್ತಿದ್ದೆ. ಅವಳು ನೋಡಲಿಲ್ಲ. ನಾನು ಪುಟ ತೆರೆಯುವ ಮೊದಲೇ ಬೆರಳು ಅಂಕಿ ಒತ್ತಿಯಾಗಿತ್ತು, ಬಾಯಿಪಾಠ ಇದ್ದ ಹಾಗೆ. ಮೊದಲ ಚುಕ್ಕೆ ಬಿತ್ತು. ನಾನು ಪುಟ ನೋಡಿ ಎರಡನೆಯದನ್ನು ಹಾಕಿದೆ. ಎಂಜಿನಿಯರ್ ನಮ್ಮ ಹಿಂದೆ ಟಿಫಿನ್ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ಗಣಿ ಕಂಪನಿಯ ಪುಟವನ್ನು ಮತ್ತೆ ಮತ್ತೆ ತೆರೆದೆವು. 2,412.00. ಮತ್ತೆ 2,412.00. ಎಂಟನೆಯ ಬಾರಿಯೋ ಒಂಬತ್ತನೆಯ ಬಾರಿಯೋ ಆ ಬೂದು ಚೌಕದಲ್ಲಿ 1,090.00 ಮೂಡಿತು. ಎರಡು ಸೊನ್ನೆ ಸಮೇತ.

"ಐಯೋ ಮುರುಗಾ" ಎಂದರು ಎಂಜಿನಿಯರ್.

ನಾವು ಅವರ ಪುಟ ನೋಡಿ ನಮ್ಮ ಅಂಕಿಗೆ ಹೊಸ ದಿನಾಂಕ ಹಾಕುತ್ತಿದ್ದೆವು. ಅವರ ಪುಟ ನಮ್ಮ ಅಂಕಿಯನ್ನೇ ನಮಗೆ ತೋರಿಸುತ್ತಿತ್ತು. ಮೊದಲ ಸಲ ಆ ಅಂಕಿ ಸರಿಯಾದ ಮೂಲದಿಂದಲೇ ಬಂದಿತ್ತು. ಆಮೇಲೆ ನಾಣ್ಯ ಹೊರಟುಹೋಯಿತು. ಅಂಕಿ ಮಾತ್ರ ನಮ್ಮಿಬ್ಬರ ನಡುವೆ ಸುತ್ತುತ್ತಾ ಪ್ರತಿ ತಿಂಗಳೂ ಹೊಸತಾಗುತ್ತಿತ್ತು. ಎರಡು ಸಾಕ್ಷಿ ತಾಳೆಯಾದರೆ ಮೊದಲು ಅವು ಒಂದಕ್ಕೊಂದು ಮಾತಾಡಿಕೊಂಡಿವೆಯೇ ನೋಡಿ ಎಂದು ಎಂ.ಎ. ತರಗತಿಯಲ್ಲಿ ಮೇಷ್ಟರು ಹೇಳುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಕಂಪನಿ ಬೇಕೆಂದೇ ನಮ್ಮ ಹೆಸರು ಕತ್ತರಿಸಿತೋ, ಪುಟ ಚೆಂದ ಕಾಣಲಿ ಎಂದು ಯಾರೋ ತೆಗೆದರೋ ಇವತ್ತಿಗೂ ತಿಳಿದಿಲ್ಲ. ನನಗೆ ಅವರ ಮೇಲೆ ನಂಬಿಕೆ ಇಲ್ಲ.

ಅವಳು ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಅಲ್ಲಾ! ಎರಡು ತಿಂಗಳಿಂದ ಇವರಿಗೆ ಫೋನ್ ಮಾಡಿ ಮಾಡಿ ನನ್ನ ಬ್ಯಾಲೆನ್ಸ್ ಎಲ್ಲಾ ಖಾಲಿ. ಎಷ್ಟು ಕಾಯಿನ್ ಇದೆ ಹೇಳ್ರಪ್ಪಾ ಅಂದ್ರೆ ವೆಬ್‌ಸೈಟ್ ನೋಡಿ, ವೆಬ್‌ಸೈಟ್ ನೋಡಿ ಅಂತಾನೆ ಆ ಮನುಷ್ಯ."

"ಮೆಟ್ಟಿಲ ಹತ್ರ ಮಾಡ್ತಿದ್ದ ಫೋನು?"

"ಮತ್ತೇನು, ಇಲ್ಲೇ ಕೂತು ಮಾಡ್ಲಾ? ಪ್ರೊಬೇಷನ್‌ನಲ್ಲಿ ಇರೋರು ಕಂಪನಿಗೆ ನೇರ ಫೋನ್ ಮಾಡಂಗಿಲ್ಲ ಅಂತ ನೀನೇ ರೂಲ್ಸ್ ಓದಿ ಹೇಳಿದ್ದೆ. ಅದ್ರ ಮೇಲೆ ನನ್ನ ಇಂಗ್ಲಿಷ್ ಕೇಳಿ ನೀವೆಲ್ಲಾ ನಗಾಡ್ತೀರ."

"ಅನುಮಾನ ಇತ್ತು ಅಂದ್ರೆ ನನಗೆ ಯಾಕೆ ಹೇಳಲಿಲ್ಲ?"

ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು. ನಗುತ್ತಿರಲಿಲ್ಲ. "ಹೇಳಿದ್ದೆ. ಫೈಲಿಂಗ್ ಬಂದ ವಾರಾನೇ ತುಂಬಿ ನಿನಗೆ ಕಳಿಸಿದ್ದೆ. ಸೈಟ್ ಹೊಸದು, ಅದೇ ಇರ್ಲಿ ಅಂತ ವಾಪಸ್ ಮಾಡ್ದೆ ನೀನು."

"ಇಲ್ಲ, ಹಾಗಂದಿದ್ದು ನೀನು."

"ನಾನಾ?"

ಎಂಜಿನಿಯರ್ ಡಬ್ಬಿ ಮುಚ್ಚಿಕೊಂಡು ನಿಧಾನವಾಗಿ ಅಲ್ಲಿಂದ ಹೋದರು.

ಸಾಧನದ ದಾಖಲೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಒಪ್ಪಿದ ಅಂಕಿಗಳು ಮಾತ್ರ ಅಲ್ಲಿ ಶಾಶ್ವತ. ಎರಡನೇ ಚುಕ್ಕೆ ಬೀಳದೆ ವಾಪಸ್ಸಾದವು ಒಂದು ತಿಂಗಳಿಗೆ ಅಳಿಸಿಹೋಗುತ್ತವೆ. ಜಾಗ ಉಳಿಸಲು ಮಾಡಿದ ಏರ್ಪಾಡು ಅದು. ನಾಲ್ಕೂವರೆಗೆ ಬಂದ ಮ್ಯಾನೇಜರ್‌ಗೆ ಎಲ್ಲ ಹೇಳಿದೆವು. ಬೀಗ ತೆಗೆದದ್ದಕ್ಕೆ ಅವರು ಎಂಜಿನಿಯರ್ ಮೇಲೆ ಕೂಗಾಡಿದರು. ಚೌಕದ ಕಥೆ ಕೇಳಿ ತಲೆ ಹಿಡಿದುಕೊಂಡರು. ಆಮೇಲೆ ನನ್ನನ್ನು ಮತ್ತೆ ಒಳಗೆ ಕರೆದರು.

"ಓಕೆ, ದುಡ್ಡಿನ ಡೌಟು ಹೋಯ್ತು. ಆದ್ರೆ ಫೈಲಿಂಗ್ ಬಂದು ಮೂರು ತಿಂಗಳು. ಯಾರೋ ಒಬ್ರು ಅದನ್ನ ಬೇಡ ಅಂದಿದಾರೆ. ಅವಳು ನೀವು ಅಂತಾಳೆ. ನೀವು?"

"ಅವಳು ಅಂದ ಹಾಗೆ ನನಗೆ ನೆನಪು."

"ಐದು ವರ್ಷದಿಂದ ಇರೋ ನಿಮ್ಮ ಮಾತಾ, ಹನ್ನೊಂದು ತಿಂಗಳ ಅವಳ ಮಾತಾ? ನಂಗೆ ಕಷ್ಟ ಏನಿಲ್ಲ. ನಿಮ್ಮ ನೆನಪನ್ನ ಬರೆದು ಕೊಡಿ, ಸಾಕು."

ಸುಲಭವಾಗಿತ್ತು. ನನಗೆ ಅವಳ ಕುರ್ಚಿಯ ವಾಲು ಕೂಡ ನೆನಪಿತ್ತು. ಹಾಗೆ ಬರೆದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ನೆನಪಿದ್ದದ್ದನ್ನೇ ಬರೆದಂತಾಗುತ್ತಿತ್ತು. ಆದರೆ ಸಂಜೆ ಮೆಟ್ರೋದಲ್ಲಿ ಬೈಯಪ್ಪನಹಳ್ಳಿಯವರೆಗೆ ನಿಂತುಕೊಂಡೇ ಹೋಗುವಾಗ ಆ ಚಿತ್ರದಲ್ಲೊಂದು ತೊಡಕು ಕಂಡಿತು. ಅವಳು ಹಿಂದಕ್ಕೆ ವಾಲಿದ ಕುರ್ಚಿ ನೀಲಿ ಬೆನ್ನಿನದು. ನೀಲಿ ಕುರ್ಚಿಗಳು ಬಂದದ್ದು ಹೋದ ತಿಂಗಳು. ಮೂರು ತಿಂಗಳ ಹಿಂದಿನ ಮಾತಿಗೆ ಹೋದ ತಿಂಗಳ ಕುರ್ಚಿಯನ್ನು ನನ್ನ ತಲೆ ಜೋಡಿಸಿತ್ತು. ಕುರ್ಚಿಯನ್ನು ಜೋಡಿಸಿದ ತಲೆ ಆ ಮಾತು ಆಡಿದವರ ಬಾಯಿಯನ್ನೂ ಬದಲಾಯಿಸಿರಬಹುದು.

ದಿನಚರಿ ನೋಡಬೇಕಿತ್ತು. ಆ ತಿಂಗಳುಗಳ ಪುಸ್ತಕ ಕೈಯಲ್ಲಿರಲಿಲ್ಲ. ಸಿ.ವಿ. ರಾಮನ್ ನಗರದಲ್ಲಿ ನಾನು ಬಾಡಿಗೆಗಿರುವ ಮಹಡಿಗೆ ಬಣ್ಣ ಹೊಡೆಸುವಾಗ ಪೆಟ್ಟಿಗೆಗಳನ್ನು ಕೆಳಗೆ ಮನೆ ಮಾಲೀಕರ ಉಗ್ರಾಣದಲ್ಲಿ ಇಟ್ಟಿದ್ದೆ. ಗುರುವಾರ ಬೆಳಿಗ್ಗೆ ಹೋಗಿ ಬಾಗಿಲು ತಟ್ಟಿದೆ. ಮಾಲೀಕರು ಈ ನೆಲದವರೇ. ಈಗ ಕಟ್ಟಡಗಳಿರುವ ಜಾಗದಲ್ಲಿ ಅವರ ತಂದೆ ರಾಗಿ ಬೆಳೆದವರು. ಬೀಗದ ಕೈ ಹುಡುಕುತ್ತಾ ಯಾಕಿಷ್ಟು ಅವಸರ ಎಂದು ಕೇಳಿದರು. ಇಬ್ಬರು ಒಬ್ಬರನ್ನೊಬ್ಬರು ನೋಡಿ ಲೆಕ್ಕ ಬರೆದ ಕಥೆಯನ್ನು ಚುಟುಕಾಗಿ ಹೇಳಿದೆ.

"ಅಯ್ಯೋ, ಇದೇನ್ ಹೊಸದಾ?" ಎಂದರು. "ನಮ್ ಹೊಲದ ಪತ್ರದಾಗೆ ಚಕ್ಕುಬಂದಿ ಏನ್ ಬರ್ದಿತ್ತು ಗೊತ್ತಾ? ಪೂರ್ವಕ್ಕೆ ದಾಯಾದಿ ಜಮೀನು ಅಂತ. ಅವ್ನ ಪತ್ರ ತೆಗ್ಸುದ್ರೆ ಪಶ್ಚಿಮಕ್ಕೆ ನಮ್ ಜಮೀನು ಅಂತ. ಎರಡೂ ಪತ್ರ ತಾಳೆ ಆಗೋವು, ನ್ಯಾಯವಾಗಿ. ಕಲ್ಲು ಎಲ್ಲೈತೆ ಅಂತ ಒಬ್ನೂ ಅಳತೆ ಚೈನು ಹಿಡೀಲಿಲ್ಲ. ಕಾಂಪೌಂಡ್ ಹಾಕೋನು ಬಂದು ಮಧ್ಯದ್ದು ನುಂಗ್ಕೊಂಡ."

ಈ ಕಥೆಯನ್ನು ಆಮೇಲೆ ಹಲವರಿಗೆ ಹೇಳಿದ್ದೇನೆ. ಹೇಳುವಾಗೆಲ್ಲ, ಮಾಲೀಕರ ಚಕ್ಕುಬಂದಿಯ ಮಾತು ಕೇಳಿದಾಗಲೇ ನನಗೆ ಗಣಿ ಕಂಪನಿಯ ಗುಟ್ಟು ಹೊಳೆಯಿತು ಎಂಬಂತೆ ಬಾಯಿಗೆ ಬರುತ್ತದೆ. ಹಾಗಾಗಿರಲಿಲ್ಲ. ಚೌಕ ಬದಲಾದದ್ದು ಬುಧವಾರ, ಮಾಲೀಕರು ಹೇಳಿದ್ದು ಗುರುವಾರ. ಪುಸ್ತಕ ಇಲ್ಲದಿದ್ದರೆ ನಾನೂ ಅದನ್ನೇ ನಂಬಿರುತ್ತಿದ್ದೆ.

ಪೆಟ್ಟಿಗೆಯ ಮೇಲೆ ಬಣ್ಣದ ಡಬ್ಬಿ ಇಟ್ಟಿದ್ದರಿಂದ ಮೇಲಿನ ಪುಸ್ತಕದ ರಟ್ಟು ಅಂಟಿಕೊಂಡಿತ್ತು. ಬೇಕಿದ್ದದ್ದು ಕೆಳಗಿನದು. ಮೆಟ್ಟಿಲ ಮೇಲೆ ಕುಳಿತು ಪುಟ ತಿರುವಿದೆ. ವರದಿ ಹೊರಬಂದ ವಾರದಲ್ಲಿ ನಾಲ್ಕು ದಿನ ಏನೂ ಬರೆದಿರಲಿಲ್ಲ, ಜ್ವರ ಇತ್ತು. ಐದನೆಯ ದಿನ, ನನ್ನದೇ ಕೈಬರಹ:

'ಮಧ್ಯಾಹ್ನ ಉಪ್ಪಿಟ್ಟು, ತಿನ್ನಲಾಗಲಿಲ್ಲ. ಗಣಿ ಕಂಪನಿ ಫೈಲಿಂಗ್‌ನಲ್ಲಿ ಬೇರೆ ಅಂಕಿ ಇದೆ ಅಂದಳು. ಸೈಟ್ ಹೊಸದು, ಅದೇ ಇರಲಿ ಅಂತ ವಾಪಸ್ ಮಾಡಿದೆ. ಅವಳಿಗೆ ಎಲ್ಲದರಲ್ಲೂ ಅನುಮಾನ. ಹೀಗಾದರೆ ಕೆಲಸ ಮುಗಿಯೋದು ಹೇಗೆ.'

ನಾಲ್ಕೈದು ಬಾರಿ ಓದಿದೆ. ಮೊದಲು ಬಂದ ಯೋಚನೆ ಒಳ್ಳೆಯದಲ್ಲ: ಈ ಪುಟ ಇರುವುದು ಇನ್ನು ಯಾರಿಗೂ ಗೊತ್ತಿಲ್ಲ. ಮಾಲೀಕರು ಒಳಗಿನಿಂದ, "ಸಿಕ್ತೇನಮ್ಮಾ?" ಎಂದು ಕೂಗಿದರು. ಉತ್ತರ ಕೊಡಲು ನಾನು ತಡ ಮಾಡಿದೆ. ಎಷ್ಟು ತಡ ಎಂಬುದು ಪುಸ್ತಕದಲ್ಲಿಲ್ಲ.

"ಸಿಕ್ತು" ಎಂದೆ.

ವರದಿಯನ್ನು ಅವತ್ತೇ ಕಚೇರಿಯಲ್ಲಿ ಕೂತು ಬರೆದೆ. ಮೊದಲು ಸುತ್ತಿನ ಕಥೆ, ಆಮೇಲೆ ಹನ್ನೊಂದು ಕಂತಿನ ಜಾಡು. ದಿನಾಂಕ ಹೊಸದೆಂಬ ಒಂದೇ ಕಾರಣಕ್ಕೆ ಜಾಲತಾಣದ ಪುಟವನ್ನು ಷೇರುಪೇಟೆಯ ದಾಖಲೆಗಿಂತ ಮೇಲೆ ಕೂರಿಸುವ ನಮ್ಮ ನಿಯಮ, ವಾಪಸ್ಸಾದ ಅಂಕಿಗಳನ್ನು ಅಳಿಸುವ ನಮ್ಮ ಅಭ್ಯಾಸ. ಕೊನೆಗೆ ಹೆಸರು ಕೇಳಿದ್ದ ಜಾಗದಲ್ಲಿ ನನ್ನ ಹೆಸರು. ಸಾಕ್ಷಿಯಾಗಿ ಆ ಪುಟದ ನಕಲು ಸೇರಿಸಬೇಕಿತ್ತು. 'ಅವಳಿಗೆ ಎಲ್ಲದರಲ್ಲೂ ಅನುಮಾನ' ಎಂಬ ಸಾಲಿನ ಮೇಲೆ ಒಂದು ಚೀಟಿ ಇಟ್ಟು ನಕಲು ತೆಗೆಯಬಹುದಿತ್ತು. ಚೀಟಿಯನ್ನು ಇಟ್ಟೂ ನೋಡಿದೆ. ಬಿಳಿ ಪಟ್ಟಿ ಕಂಡರೆ ಅದರ ಕೆಳಗೆ ಏನಿತ್ತು ಎಂದು ಯಾರಾದರೂ ಕೇಳುತ್ತಾರೆ. ಕೇಳಲೇಬೇಕು. ಚೀಟಿ ತೆಗೆದೆ.

ಶುಕ್ರವಾರ ಮ್ಯಾನೇಜರ್ ಪುಟ ಓದಿ, "ಇದನ್ನ ನೀವು ಕೊಡ್ಬೇಕಾಗಿರ್ಲಿಲ್ಲ" ಎಂದರು.

"ಕೊಡದಿದ್ರೆ ಅವಳ ಮಾತಿಗೆ ಮೂಲ ಇರ್ತಿರ್ಲಿಲ್ಲ, ಸರ್."

ಅವರು ಪುಟವನ್ನು ವರದಿಯೊಳಗೆ ಸೇರಿಸಿ ಡ್ರಾಯರ್‌ನಲ್ಲಿಟ್ಟರು. ನಿರ್ಧಾರವನ್ನು ಸೋಮವಾರ ಹೇಳಿದರು. ನನ್ನ ಎರಡನೇ ಚುಕ್ಕೆಯ ಅಧಿಕಾರ ಆರು ತಿಂಗಳು ರದ್ದು, ಅದು ಅವಳಿಗೆ. ನಾನು ಅಂಕಿ ತುಂಬಬೇಕು, ಅವಳು ತಾಳೆ ನೋಡಬೇಕು. ಚಂದಾದಾರರಿಗೆ ನನ್ನ ಸಹಿಯಲ್ಲಿ ಕ್ಷಮಾಪಣೆ ಹೋಯಿತು. ಡ್ರಾಯರ್‌ನಲ್ಲಿದ್ದ ಪತ್ರ ತಿಂಗಳು ಕಾಯದೆ ಅವತ್ತೇ ಅವಳ ಕೈ ಸೇರಿತು. ಎಂಜಿನಿಯರ್ ಅಳಿಸುವ ಏರ್ಪಾಡು ತೆಗೆದುಹಾಕಿದರು. ಎರಡು ಸೊನ್ನೆಗಳನ್ನು ಮಾತ್ರ ಬೇಕೆಂದೇ ಉಳಿಸಿಕೊಂಡರು.

ಹೊಸ ವ್ಯವಸ್ಥೆಯ ಮೊದಲ ದಿನ ನಾನು ತುಂಬಿದ ಹದಿನಾಲ್ಕು ಸಾಲುಗಳಲ್ಲಿ ಐದು ವಾಪಸ್ಸು ಬಂದವು. ಐದಕ್ಕೂ ಒಂದೇ ಷರಾ, ನನ್ನ ವರದಿಯಿಂದಲೇ ಎತ್ತಿಕೊಂಡದ್ದು: 'ನಂಗೆ ಎಲ್ಲದರಲ್ಲೂ ಅನುಮಾನ.' ನಾನು ಅವಳ ಮೇಜಿಗೆ ಹೋದೆ. ಕ್ಷಮಿಸು ಎನ್ನಲು ಹೋದವಳು, ಆ ಸಾಲು ಬರೆದಾಗ ಜ್ವರ ಬಿಟ್ಟಿತ್ತಷ್ಟೇ ಎಂದೆ. ಅದು ಕ್ಷಮೆಯಾಗಲಿಲ್ಲ.

"ಜ್ವರ ಇರ್ಲಿ ಬಿಡು ಪ್ರೊಫೆಸರ್" ಎಂದಳು. "ಆ ಪುಸ್ತಕ ಕೊಡು ಇಲ್ಲಿ."

ಕೊಟ್ಟೆ. ಆ ಪುಟ ತೆಗೆದು ಬೆರಳಿಟ್ಟು ಓದಿದಳು. ಮುಂದಿನ ಪುಟ ತಿರುವಿದಳು, ಅದರ ಮುಂದಿನದನ್ನೂ. ಏನೋ ಹುಡುಕುತ್ತಿದ್ದಳು.

"ಒಂದ್ಸಲ ಹೇಳಿದ್ದು ಮಾತ್ರ ಬರ್ದಿದೀಯ."

"ಹೌದು."

"ಮೂರು ಸಲ ಹೇಳಿದ್ದೆ. ಇದೊಂದು. ಆಮೇಲೆ ಕಾಫಿ ಕುಡಿಯೋಕೆ ಕೆಳಗೆ ಹೋದಾಗ ಒಂದ್ಸಲ. ಇನ್ನೊಂದ್ಸಲ ಮಳೆ ಬಂದು ಹಲ್ಲಿನ ಡಾಕ್ಟರ್ ಶೆಡ್ ಕೆಳಗೆ ನಿಂತಿದ್ವಲ್ಲ, ಅವತ್ತು. ಹೂಂ ಹೂಂ ಅಂದೆ ನೀನು."

ಆ ತಿಂಗಳ ಉಳಿದ ಪುಟಗಳನ್ನೂ ಇಬ್ಬರೂ ಕೂಡಿ ನೋಡಿದೆವು. ಮಳೆ ಇತ್ತು. ಹಲ್ಲಿನ ಡಾಕ್ಟರ ಶೆಡ್ಡೂ ಇತ್ತು, ನನ್ನ ಚಪ್ಪಲಿ ನೆನೆದದ್ದೂ ಇತ್ತು. ಅವಳು ಹೇಳಿದ್ದು ಇರಲಿಲ್ಲ. ಕಾಫಿಯ ದಿನ ಯಾವುದೋ ಗೊತ್ತಾಗಲಿಲ್ಲ.

ನಾನು ಅಂಚಿನಲ್ಲಿ ಬರೆದೆ: 'ಮೂರು ಬಾರಿ ಹೇಳಿದ್ದಳು. ಮೂಲ: ಅವಳ ಮಾತು.' ಅವಳು ನನ್ನ ಡಬ್ಬಿಯಿಂದ ಹಸಿರು ಪೆನ್ನು ತೆಗೆದು ಅದರ ಮುಂದೆ ಒಂದು ಚುಕ್ಕೆ ಇಟ್ಟಳು. ಪೆನ್ನನ್ನು ನನ್ನ ಕಡೆ ಚಾಚಿದಳು.

"ಎರಡನೇದು ನಿಂದು. ನೆನಪಾದ್ರೆ ಮಾತ್ರ ಹಾಕು."

ಪೆನ್ನು ಹಿಡಿದು ಆ ಮಳೆಯ ದಿನಕ್ಕೆ ಹೋಗಲು ನೋಡಿದೆ. ಶೆಡ್ಡು, ತಗಡಿನ ಮೇಲಿನ ಸದ್ದು, ನೆನೆದ ಚಪ್ಪಲಿ. ಪಕ್ಕದಲ್ಲಿ ಅವಳು ನಿಂತಿದ್ದಾಳೆ, ಬಾಯಿ ಅಲುಗುತ್ತಿದೆ. ಏನು ಹೇಳುತ್ತಿದ್ದಾಳೆಂದು ನನಗೆ ಕೇಳಿಸುತ್ತಿಲ್ಲ. ಆ ಅಂಚಿನಲ್ಲಿ ಇವತ್ತಿಗೂ ಒಂದೇ ಚುಕ್ಕೆ ಇದೆ.